ಗೋಡೆಯ ಮೇಲಿನ ಕರಾರು

(ಹೊಳಲೂರಿನಲ್ಲಿ ಉಪಾಧ್ಯಾಯರೂ ಮಹಾಜನರೂ ಸೇರಿದ್ದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ಈ ಸಭೆಗೆ ನನ್ನನ್ನು ಕರೆಯಬಂದಿದ್ದ ಮೇಷ್ಟರು ಭಾಷಣದ ವಿಷಯವೇನೆಂದು ಕೇಳಿದರು. ಯುದ್ಧಕಾಲದ ಭಿತ್ತಿಪತ್ರಗಳನ್ನು ಕುರಿತು, ಅವುಗಳಲ್ಲಿ ಕಾರ್ಖಾನೆಯ ಕೂಲಿಗಾರನಿಗೂ ಕಡಲಿನ ನಾವಿಕನಿಗೂ ಗಂಟುಹಾಕಿದ ಗೆಳೆತನವನ್ನು ಕುರಿತು ನಾಲ್ಕು ಮಾತು ಹೇಳುವೆನೆಂದೆ. ಅವರು ನಕ್ಕರು. “ಸ್ವಾಮೀ, ನಮ್ಮ ಕಡೆಯ ಹಿರಿಯರು ಕಂಡ ದೊಡ್ಡ ಹಡಗೆಂದರೆ ಹೊಳೆ ದಾಟಿಸುವ ಹರಿಗೋಲು. ಇಲ್ಲಿ ನಾವಿಕನ ಮಾತು ಯಾರಿಗೆ ಬೇಕು?” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಿಮ್ಮ ನೆರೆಯ ಕೂಡಲಿಯಲ್ಲಿ ತುಂಗೆಯನ್ನು ಸೇರುವ ಭದ್ರೆಯು ಬರುವುದು ಕಬ್ಬಿಣದ ಕಾರ್ಖಾನೆಯ ಮಗ್ಗುಲಿನಿಂದ. ಆ ಕಾರ್ಖಾನೆಯ ಕುಲುಮೆ ಉರಿದದ್ದು ನಮ್ಮ ಮಲೆನಾಡಿನ ಕಾಡಿನ ಇದ್ದಲಿನಿಂದ. ಭಿತ್ತಿಪತ್ರದಲ್ಲಿ ಬರೆದ ಇಬ್ಬರು ಗೆಳೆಯರಲ್ಲಿ ಒಬ್ಬನು ಭದ್ರಾವತಿಯವನಾದ ಮೇಲೆ ಮತ್ತೊಬ್ಬನು ಯಾರು, ಅವನ ಗತಿ ಏನಾಯಿತು ಎಂದು ತಿಳಿಯುವ ಹಕ್ಕು ನಮಗಿದೆಯಷ್ಟೆ.

ಮೊದಲು ಭಿತ್ತಿಪತ್ರವೆಂದರೇನೆಂಬುದನ್ನು ನೋಡೋಣ. ಓದುಬಾರದವನಿಗೂ ಒಂದು ನೋಟದಲ್ಲಿಯೇ ತಿಳಿಯಬೇಕು, ಓದುಬಂದವನು ಓದುವಷ್ಟರಲ್ಲಿಯೇ ಒಪ್ಪಿರಬೇಕು: ಇದು ಆ ಕಲೆಯ ಗುಟ್ಟು. ಅದು ವಾದಿಸುವುದಿಲ್ಲ. ಅದಕ್ಕೆ ಪಾಟೀಸವಾಲಿನ ಭಯವಿಲ್ಲ. 1914ರಲ್ಲಿ ಇಂಗ್ಲೆಂಡಿನಲ್ಲಿ ಆಲ್ಫ್ರೆಡ್ ಲೀಟ್ ಎಂಬ ಚಿತ್ರಗಾರನು ಕಿಚನರ್ ಸೇನಾನಿಯು ನೋಡುವವನ ಕಡೆಗೇ ಬೆರಳು ಚಾಚಿರುವಂತೆ ಬರೆದನು. 1917ರಲ್ಲಿ ಅಮೆರಿಕೆಯ ಜೇಮ್ಸ್ ಮಾಂಟ್ಗೊಮರಿ ಫ್ಲ್ಯಾಗ್ ಅದೇ ಬೆರಳನ್ನು ತನ್ನ ದೇಶದ ‘ಅಂಕಲ್ ಸ್ಯಾಮ್’ ಮುದುಕನಿಗೆ ಕೊಟ್ಟನು. ಬೆರಳು ತೋರಿದವನು ನೀನೇಕೆ ನನ್ನನ್ನು ಕರೆಯುತ್ತಿರುವೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದಕ್ಕೆ ನಿಲ್ಲುವುದಿಲ್ಲ, ಅವನು ಕಾಗದದವನು.

ಯುದ್ಧವು ಮೊದಲಾದಾಗ ಸರಕಾರಗಳಿಗೆ ಬೇಕಾದದ್ದು ಸಿಪಾಯಿ. ಆದರೆ ಮುಳುಗುನೌಕೆಗಳು ಹಡಗುಗಳನ್ನು ಸಾಲುಸಾಲಾಗಿ ನುಂಗತೊಡಗಿದ ಮೇಲೆ ಮತ್ತೊಂದು ಸತ್ಯವು ಹೊರಬಿತ್ತು. ದಿನವೂ ಮುಳುಗುವುದಕ್ಕಿಂತ ಹೆಚ್ಚು ಹಡಗುಗಳನ್ನು ಕಟ್ಟದೆ ಹೋದರೆ ಯಾವ ವೀರನ ವೀರ್ಯವೂ ಉಪಯೋಗಕ್ಕೆ ಬಾರದು. ಹಡಗು ಕಟ್ಟುವವನು ಸುತ್ತಿಗೆಯವನು, ಕೊರೆಗೋಲಿನವನು. ಅವನಿಗೆ ಸಮವಸ್ತ್ರವಿಲ್ಲ, ಬಿರುದಿಲ್ಲ, ಅವನ ಮೆರವಣಿಗೆ ನಡೆಯುವುದಿಲ್ಲ. ಅವನನ್ನು ಹುರಿದುಂಬಿಸಬೇಕಾದರೆ ಅವನ ಸುತ್ತಿಗೆಯನ್ನೇ ಆಯುಧವೆಂದು ಕರೆಯಬೇಕು. 1918ರಲ್ಲಿ ಅಮೆರಿಕೆಯ ಹಡಗು ಮಂಡಳಿಯು ಮಾಡಿದ್ದು ಇದನ್ನೇ. ರಿವೆಟ್ಟುಗಳೇ ಬಂದೂಕದ ಮೊನೆಯ ಕತ್ತಿಗಳೆಂದು ಒಂದು ಚಿತ್ರವು ಸಾರಿತು. ಅದೇ ಮಂಡಳಿಗಾಗಿ ಫ್ಲ್ಯಾಗನು ಬರೆದ ಇನ್ನೊಂದರಲ್ಲಿ ನಾವಿಕ, ಸಿಪಾಯಿ, ಹಡಗುಕಟ್ಟೆಯ ಕೂಲಿಗಾರ ಮೂವರೂ ತೋಳಿಗೆ ತೋಳು ಹೆಣೆದುಕೊಂಡು ನಗುನಗುತ್ತ ನಡೆದು ಬರುತ್ತಿರುವರು. ಎರಡನೆಯ ಮಹಾಯುದ್ಧದ ಆರಂಭದಲ್ಲಿ, 1941ರಲ್ಲಿ, ಅಮೆರಿಕೆಯ ಸರಕಾರವು ಅದೇ ಮೂವರನ್ನು ಮತ್ತೆ ಒಂದೇ ಚಿತ್ರದೊಳಗೆ ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ದಾಳಿಯು ಮೊದಲಾಗುವುದೇ ಕಾರ್ಖಾನೆಯಲ್ಲಿ ಎಂಬ ಮಾತು ಗೋಡೆ ಹತ್ತಿತು. ಚಿತ್ರಗಳು ಚೆನ್ನಾಗಿವೆ, ಕೆಲವು ಬಹಳ ಚೆನ್ನಾಗಿವೆ. ಇಂದು ವಸ್ತುಸಂಗ್ರಹಾಲಯಗಳು ಅವನ್ನು ಕಾಪಾಡಿಕೊಂಡಿರುವುದು ಆಶ್ಚರ್ಯವಲ್ಲ.

ಇಲ್ಲಿ ನನ್ನ ವೃತ್ತಿಬುದ್ಧಿ ತಲೆ ಹಾಕುತ್ತದೆ, ಕ್ಷಮಿಸಬೇಕು. ಗೋಡೆಗೆ ಅಂಟಿಸಿದ ಕಾಗದವು ಕರಾರಾಗಬಲ್ಲುದೇ? ಕಾನೂನು ಓದುವ ಪ್ರತಿ ಹುಡುಗನಿಗೂ ಗೊತ್ತಿರುವ ಒಂದು ಮೊಕದ್ದಮೆಯುಂಟು. ಶೀತಜ್ವರದ ಕಾಲದಲ್ಲಿ ಲಂಡನಿನ ಒಂದು ಕಂಪನಿಯು ಹೊಗೆಯ ಚೆಂಡೊಂದನ್ನು ಮಾರುತ್ತಿತ್ತು. ಇದನ್ನು ಹೇಳಿದಂತೆ ಮೂಸಿಯೂ ಜ್ವರ ಬಂದರೆ 100 ಪೌಂಡು ಕೊಡುವೆವು, ನಮ್ಮ ಮಾತಿನ ಸಾಚಾತನಕ್ಕೆ 1,000 ಪೌಂಡನ್ನು ಬ್ಯಾಂಕಿನಲ್ಲಿ ಇರಿಸಿದ್ದೇವೆ ಎಂದು ಪತ್ರಿಕೆಗಳಲ್ಲಿ ಸಾರಿತು. ಕಾರ್ಲಿಲ್ ಎಂಬಾಕೆ ಕೊಂಡಳು, ಮೂಸಿದಳು, ಜ್ವರವೂ ಬಂತು. ಹಣ ಕೇಳಿದರೆ ಕಂಪನಿಯು, ಅದು ಬರಿಯ ಜಾಹೀರಾತು, ಯಾರೂ ಅದನ್ನು ನಿಜವೆಂದು ನಂಬತಕ್ಕದ್ದಲ್ಲ ಎಂದಿತು. 1892ರಲ್ಲಿ ಅಪೀಲು ನ್ಯಾಯಾಲಯವು ಆಕೆಗೆ ಹಣ ಕೊಡಿಸಿತು. ಲೋಕಕ್ಕೆಲ್ಲ ಮಾತು ಕೊಟ್ಟವನು, ಆ ಮಾತನ್ನು ನಂಬಿ ನಡೆದವನಿಗೆ ಬದ್ಧನಾಗುತ್ತಾನೆಂದು ತೀರ್ಪಾಯಿತು. ಒಬ್ಬ ಔಷಧದ ವ್ಯಾಪಾರಿಗೆ ಅನ್ವಯಿಸಿದ ಈ ನ್ಯಾಯವನ್ನು ಸಾಮ್ರಾಜ್ಯಕ್ಕೂ ಅನ್ವಯಿಸಿ ನೋಡುವುದೇ ನನ್ನ ಇಂದಿನ ಕೆಲಸ.

ಹಿಂದೂಸ್ಥಾನದ ಸಂಗತಿಗೆ ಬರೋಣ. 1939ರ ಸೆಪ್ಟೆಂಬರಿನಲ್ಲಿ ವೈಸರಾಯರು ನಮ್ಮ ಜನಪ್ರತಿನಿಧಿಗಳ ಮಾತು ಕೇಳದೆ ನಮ್ಮನ್ನು ಯುದ್ಧಕ್ಕೆ ಎಳೆದರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. 1942ರಲ್ಲಿ ‘ನ್ಯಾಷನಲ್ ವಾರ್ ಫ್ರಂಟ್’ ಎಂಬ ಪ್ರಚಾರ ಸಂಸ್ಥೆಯನ್ನು ಕಟ್ಟಿ, ದೇಶಭಾಷೆಗಳಲ್ಲಿ ಕರಪತ್ರ, ಭಿತ್ತಿಪತ್ರ, ಭಾಷಣ, ಚಲಚ್ಚಿತ್ರಗಳ ಮಳೆಗರೆದರು. ಅದೇ ವರ್ಷದ ಆಗಸ್ಟಿನಲ್ಲಿ ಗಾಂಧೀಜಿಯವರನ್ನು ಸೆರೆಗೆ ಹಾಕಿದರು. ರಾಷ್ಟ್ರದ ನಾಯಕರೆಲ್ಲ ಕಾರಾಗೃಹದಲ್ಲಿರುವಾಗ ‘ರಾಷ್ಟ್ರೀಯ’ವೆಂಬ ಹೆಸರಿನ ರಣರಂಗವು ಗೋಡೆಗಳ ಮೇಲೆ ನಡೆಯುತ್ತಿತ್ತು. ನಮ್ಮ ಜಿಲ್ಲೆಯ ಈಸೂರು ಆ ಸೆಪ್ಟೆಂಬರಿನಲ್ಲಿ ಏನು ಮಾಡಿತೆಂಬುದನ್ನೂ, 1943ರ ಮಾರ್ಚಿನಲ್ಲಿ ಅಲ್ಲಿಯ ಐವರು ನೇಣಿಗೇರಿದುದನ್ನೂ ನಿಮಗೆ ನಾನು ಹೇಳಬೇಕಾಗಿಲ್ಲ. ಭಿತ್ತಿಪತ್ರಕ್ಕೆ ಆ ಊರು ಕೊಟ್ಟ ಉತ್ತರ ಅದು.

ಆ ದಿನಗಳಲ್ಲಿ ಭದ್ರಾವತಿಯ ಸ್ಥಿತಿ ಏನಾಗಿತ್ತು? ಸರ್ ಎಂ. ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಹುಟ್ಟಿದ ಕಾರ್ಖಾನೆಯು 1923ರ ಜನವರಿಯಲ್ಲಿ ಕಬ್ಬಿಣ ಕರಗಿಸತೊಡಗಿತ್ತು. ಕೆಮ್ಮಣ್ಣುಗುಂಡಿಯ ಅದಿರು ತೂಗುತೊಟ್ಟಿಗಳಲ್ಲಿ ಬೆಟ್ಟವಿಳಿದು ಬರುತ್ತಿತ್ತು, ಸುಣ್ಣದ ಕಲ್ಲು ಭಂಡಿಗುಡ್ಡದಿಂದ, ಇದ್ದಲು ಕಾಡಿನಿಂದ. ಕಲ್ಲಿದ್ದಲಿಲ್ಲದ ನಾಡಿನಲ್ಲಿ ಕಟ್ಟಿಗೆಯನ್ನೇ ಬೇಯಿಸಿ, ಅದರಿಂದ ಇದ್ದಲನ್ನೂ, ಹೊಗೆಯಿಂದ ಮದ್ಯಸಾರ ಮೊದಲಾದ ರಸದ್ರವ್ಯಗಳನ್ನೂ ತೆಗೆಯುವ ಆ ವಿಧಾನವನ್ನು ನೋಡಿ ಬಲ್ಲವರು ಮೆಚ್ಚಿದ್ದರು. ನಷ್ಟದ ಲೆಕ್ಕ ತೋರಿಸಿ ಬಿಳಿಯಾನೆಯೆಂದು ಹಳಿದವರೂ ಇದ್ದರು. 1936ರಲ್ಲಿ ಉಕ್ಕು ಬಂತು, ಆ ವರ್ಷವೇ ಪಕ್ಕದಲ್ಲಿ ಕಾಗದದ ಗಿರಣಿಯೂ ಸ್ಥಾಪನೆಯಾಯಿತು. ಸಿಮೆಂಟೂ ಹಿಂದೆಯೇ ಬಂತು. ಯುದ್ಧ ಬಂದಾಗ ಬಿಳಿಯಾನೆಯೆಂದ ಬಾಯಿಗಳು ಮುಚ್ಚಿದವು. ಕಬ್ಬಿಣವೆಂದರೆ ಚಿನ್ನ. ಹೊರದೇಶದ ಉಕ್ಕು ನಿಂತುಹೋಗಿತ್ತು. ಸುಣ್ಣದ ಕಲ್ಲಿನ ತುಂಡಿಗೂ ಇದ್ದಲಿನ ಮೂಟೆಗೂ ಬೆಲೆ ಬಂತು. ಕಾಡಿನಲ್ಲಿ ಚಳಿಜ್ವರದಿಂದ ನಡುಗುತ್ತ ಮರ ಕಡಿದವನೂ, ಕುಲುಮೆಯ ಬಾಯಲ್ಲಿ ಮೈ ಸುಟ್ಟುಕೊಂಡವನೂ ಒಂದು ಬೆಳಗಾಗುವಷ್ಟರಲ್ಲಿ ‘ಯುದ್ಧವೀರ’ರಾದರು.

ಈ ಬಿರುದಿನ ಜತೆಗೇ ಇನ್ನೊಂದು ಕಾಗದವೂ ಬಂತೆಂಬುದನ್ನು ವಕೀಲನಾದ ನಾನು ಮರೆಯಲಾರೆ. ಬ್ರಿಟಿಷ್ ಇಂಡಿಯಾದಲ್ಲಿ 1941ರ ಅಗತ್ಯ ಸೇವೆಗಳ ಆಜ್ಞೆಯಂತೆ, ಗೊತ್ತುಪಡಿಸಿದ ಉದ್ಯೋಗದವನು ಅಪ್ಪಣೆಯಿಲ್ಲದೆ ಕೆಲಸ ಬಿಟ್ಟರೆ ಅಪರಾಧ. 1942ರಿಂದ ಭಾರತ ರಕ್ಷಣಾ ನಿಯಮಗಳ 81-ಎ ಎಂಬ ಕಲಮಿನಂತೆ ಸರಕಾರವು ಮುಷ್ಕರವನ್ನು ನಿಷೇಧಿಸಬಹುದು. ಮೈಸೂರು ಸಂಸ್ಥಾನವೂ 1942ರಲ್ಲಿ ಕಾರ್ಮಿಕ ಶಾಸನವನ್ನು ಮಾಡಿತು. ಅದರಲ್ಲಿ ಸಂಘಗಳಿಗೆ ಮನ್ನಣೆ ಸಿಕ್ಕಿತೆಂಬುದನ್ನು ಒಪ್ಪಬೇಕು. ಆದರೆ ಒಟ್ಟು ನೋಟ ಹೀಗೆ: ಗೋಡೆಯ ಚಿತ್ರವು ‘ಸೋದರನೇ, ಕೈ ಕೊಡು’ ಎನ್ನುತ್ತಿರುವಾಗ, ಕಚೇರಿಯ ಬೀರುವಿನಲ್ಲಿದ್ದ ಪುಸ್ತಕವು ‘ಕೊಡದಿದ್ದರೆ ಜೈಲು’ ಎನ್ನುತ್ತಿತ್ತು. ಒತ್ತಾಯದಿಂದ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲವೆಂದು 1872ರ ಕರಾರು ಶಾಸನವು ಹೇಳುತ್ತದೆ. ಅದನ್ನು ಮಾಡಿದವರೂ ಆ ಸರಕಾರದವರೇ.

ಇನ್ನು ನಾವಿಕ. ನಾವಿಕರಲ್ಲಿ ಎರಡು ಬಗೆ. ಒಬ್ಬನು ವ್ಯಾಪಾರದ ಹಡಗಿನ ಖಲಾಸಿ, ಮತ್ತೊಬ್ಬನು ನೌಕಾಬಲದವನು. ಖಲಾಸಿಯನ್ನು ಚಿತ್ರಗಾರರು ಹೆಚ್ಚಾಗಿ ಬರೆಯಲಿಲ್ಲ. ಸಿಲ್ಹೆಟ್ಟಿನವನು, ಕೊಂಕಣದವನು, ಗೋವೆಯವನು, ನಮ್ಮ ಕನ್ನಡ ಕರಾವಳಿಯವನು ಎಲ್ಲರೂ ಆ ಪಂಗಡದಲ್ಲಿದ್ದರು. ಇಂಗ್ಲೆಂಡಿನ ಹಡಗುಗಳ ಬಾಯ್ಲರಿನ ಮುಂದೆ ಕಲ್ಲಿದ್ದಲು ಎತ್ತಿ ಹಾಕಿದವನು ಇವನು. ಇವನ ಸಂಬಳ ಅದೇ ಹಡಗಿನ ಬಿಳಿಯ ನಾವಿಕನ ಸಂಬಳದ ಕಾಲುಭಾಗದ ಆಸುಪಾಸಿನಲ್ಲಿತ್ತು. ಹಡಗಿಗೆ ಟಾರ್ಪೆಡೊ ಬಡಿದಾಗ ಮಾತ್ರ ಪಾಲು ಸರಿಸಮ. 1939ರ ಕೊನೆಯ ತಿಂಗಳುಗಳಲ್ಲಿ ಇಂಗ್ಲೆಂಡಿನ ಬಂದರುಗಳಲ್ಲಿಯೇ ಇವರು ಕೈಕಟ್ಟಿ ಕುಳಿತು, ಸಂಬಳ ಹೆಚ್ಚದೆ ಯುದ್ಧದ ಕಡಲಿಗೆ ಇಳಿಯುವುದಿಲ್ಲವೆಂದರು. ನೂರಾರು ಜನ ಸೆರೆಗೆ ಹೋದರು. ಆಮೇಲೆ ಸಂಬಳವೂ ಹೆಚ್ಚಿತು! ಆ ಯುದ್ಧದಲ್ಲಿ ಪ್ರಾಣ ತೆತ್ತ ಹಿಂದೂಸ್ಥಾನದ ಖಲಾಸಿಗಳು ಆರು ಸಾವಿರಕ್ಕೂ ಹೆಚ್ಚು.

ಈ ಖಲಾಸಿಯೂ ಭದ್ರಾವತಿಯವನೂ ಎಂದಾದರೂ ಕೈ ಹಿಡಿದುಕೊಳ್ಳಬಹುದಾಗಿತ್ತೇ? ಭಾಷೆ ಒಂದೇ ಇದ್ದೀತು. ಸರಕಾರ ಒಂದೇ ಅಲ್ಲ. ಭದ್ರಾವತಿಯವನು ಮೈಸೂರು ಮಹಾರಾಜರ ಪ್ರಜೆ. ಹೊನ್ನಾವರ, ಕಾರವಾರದವನು ಮುಂಬಯಿ ಪ್ರಾಂತದವನು. ಮಂಗಳೂರಿನವನು ಮದರಾಸಿನವನು. ರಾಯಚೂರಿನವನು ನಿಜಾಮನ ಪ್ರಜೆ. ಕೊಡಗಿನವನಿಗೆ ಬೇರೆಯೇ ಕಮಿಷನರು. ಮೈಸೂರಿಗೆ ಕಡಲಿನ ಬಾಗಿಲೇ ಇರಲಿಲ್ಲ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದಾಗಲೇ ಭಟ್ಕಳದಲ್ಲಿ ಬಂದರು ಬೇಕೆಂದು ಪ್ರಯತ್ನಿಸಿದರು. ಭಟ್ಕಳವು ಮುಂಬಯಿ ಪ್ರಾಂತದ್ದು. ಆ ಯೋಚನೆ ಕಾಗದದಲ್ಲಿಯೇ ಉಳಿಯಿತು. ಆದುದರಿಂದ ನಮ್ಮ ಬೆಟ್ಟದ ಕಬ್ಬಿಣವು ನಮ್ಮ ಕಡಲನ್ನು ಮುಟ್ಟಬೇಕಾದರೆ ಪರಪ್ರಾಂತದ ದಾರಿ ಹಿಡಿಯಬೇಕಾಯಿತು. ಚಿತ್ರದಲ್ಲಿ ಇಬ್ಬರ ತೋಳುಗಳನ್ನು ಹೆಣೆದ ಸರಕಾರವೇ ನಕ್ಷೆಯಲ್ಲಿ ಇಬ್ಬರ ನಡುವೆ ಗೆರೆ ಎಳೆದಿತ್ತು. ಆ ಗೆರೆ ಅಳಿಸಿದ್ದು 1956ರ ನವೆಂಬರ್ 1ರಂದು. ಅದನ್ನು ಅಳಿಸುವುದಕ್ಕೆ ಯಾವ ವಾರ್ ಫ್ರಂಟೂ ಒಂದು ಕಾಗದ ಅಚ್ಚುಹಾಕಲಿಲ್ಲ. ಮೇಷ್ಟರುಗಳೂ, ಪತ್ರಿಕೆಗಳವರೂ, ವಕೀಲರೂ ಊರೂರು ಅಲೆದು ಮಾಡಬೇಕಾಯಿತು.

ಹಡಗು ಕಟ್ಟುವ ಮಾತನ್ನೂ ಹೇಳಿಬಿಡುತ್ತೇನೆ. ವಾಲಚಂದ ಹೀರಾಚಂದರು ಹಿಂದೂಸ್ಥಾನದಲ್ಲಿ ಹಡಗು ಕಟ್ಟಬೇಕೆಂದು ವರ್ಷಗಟ್ಟಲೆ ಹೋರಾಡಿದರು. 1941ರ ಜೂನಿನಲ್ಲಿ ವಿಶಾಖಪಟ್ಟಣದಲ್ಲಿ ಬಾಬು ರಾಜೇಂದ್ರಪ್ರಸಾದರಿಂದ ಅಸ್ತಿಭಾರ ಹಾಕಿಸಿದರು. ಅಲ್ಲಿಂದ ಮೊದಲನೆಯ ಹಡಗು ‘ಜಲ ಉಷಾ’ ನೀರಿಗಿಳಿದದ್ದು 1948ರ ಮಾರ್ಚಿನಲ್ಲಿ, ನೆಹರೂರವರ ಕೈಯಿಂದ. ಅಂದರೆ ಹಡಗಿಗಾಗಿ ಹಪಹಪಿಸುತ್ತಿದ್ದ ಯುದ್ಧದ ವರ್ಷಗಳಲ್ಲಿಯೇ ಹಿಂದೂಸ್ಥಾನದವರ ಕಟ್ಟೆಯಿಂದ ಒಂದೂ ಹೊರಬರಲಿಲ್ಲ. ಅದೇ ವಾಲಚಂದರು ಮೈಸೂರು ಸರಕಾರದ ಜತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ವಿಮಾನದ ಕಾರ್ಖಾನೆಯಾದರೋ, ಯುದ್ಧ ಮುಗಿಯುವುದರೊಳಗೆ ಅಮೆರಿಕೆಯ ವಿಮಾನಗಳ ದುರಸ್ತಿಶಾಲೆಯಾಗಿಬಿಟ್ಟಿತು. ಕೂಲಿಗಾರನ ಶ್ರಮ ಬೇಕು, ಅವನ ದೇಶದ ಉದ್ಯಮ ಬೆಳೆಯುವುದು ಬೇಡ. ಚಿತ್ರದಲ್ಲಿ ಇದನ್ನು ಬರೆಯುವುದು ಕಷ್ಟವೇ ಸರಿ.

ಭಿತ್ತಿಪತ್ರಗಳಲ್ಲಿ ಇನ್ನೊಂದು ಜಾತಿಯುಂಟು: ಬಾಯಿ ಮುಚ್ಚಿಕೊಂಡಿರು ಎನ್ನುವುದು. 1940ರಲ್ಲಿ ಫೂಗಾಸ್ ಎಂಬ ಹಾಸ್ಯಚಿತ್ರಗಾರನು ಬರೆದವು ಪ್ರಸಿದ್ಧ. ಇಬ್ಬರು ಹೆಂಗಸರು ಬಸ್ಸಿನಲ್ಲಿ ಮಾತಾಡುತ್ತಿರುವರು, ಹಿಂದಿನ ಆಸನದಲ್ಲಿ ಹಿಟ್ಲರನು ಕಿವಿಗೊಟ್ಟು ಕುಳಿತಿರುವನು. ಅಜಾಗರೂಕತೆಯ ಮಾತು ನಾವಿಕನ ಪ್ರಾಣಕ್ಕೆ ಎರವಾಗುತ್ತದೆಂಬುದು ಅದರ ತಾತ್ಪರ್ಯ. ಸುಳ್ಳಲ್ಲ. ಆದರೆ ಮೌನವೂ ಕೊಲ್ಲಬಲ್ಲುದೆಂಬುದನ್ನು ಮುಂಬಯಿ ಕಂಡಿತು. 1944ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನಿಂದ ಹೊರಟ ‘ಫೋರ್ಟ್ ಸ್ಟಿಕಿನ್’ ಎಂಬ ಹಡಗಿನ ಹೊಟ್ಟೆಯಲ್ಲಿ ಸುಮಾರು 1,400 ಟನ್ನು ಮದ್ದುಗುಂಡುಗಳಿದ್ದವು. ಕರಾಚಿಯಲ್ಲಿ ಅದರ ಮೇಲೆ ಸಾವಿರಾರು ಹತ್ತಿಯ ಅಂಡಿಗೆಗಳನ್ನು ಹೇರಿದರು. ಹತ್ತಿಯನ್ನೂ ಮದ್ದನ್ನೂ ಒಂದೇ ಕಣಜದಲ್ಲಿ ಇಡಬಾರದೆಂಬುದು ನಮ್ಮ ಹಳ್ಳಿಯ ಹುಡುಗನಿಗೂ ಗೊತ್ತು. ಹಡಗು ಮುಂಬಯಿಯ ವಿಕ್ಟೋರಿಯಾ ಕಟ್ಟೆಗೆ ಬಂದು ನಿಂತಿತು. ಅಪಾಯದ ಸರಕಿದೆಯೆಂದು ತಿಳಿಸುವ ಕೆಂಪು ಬಾವುಟವನ್ನು ಏರಿಸಿರಲಿಲ್ಲ. ಏಪ್ರಿಲ್ 14ರ ಮಧ್ಯಾಹ್ನ ಹತ್ತಿಗೆ ಕಿಚ್ಚು ಹತ್ತಿತು. ನಾಲ್ಕು ಗಂಟೆಯ ಮೇಲೆ ಅರ್ಧ ಗಂಟೆಯ ಅಂತರದಲ್ಲಿ ಎರಡು ಸಲ ಸಿಡಿಯಿತು. ಕಟ್ಟೆಯ ಹಮಾಲರು, ನಾವಿಕರು, ಬೆಂಕಿ ಆರಿಸಬಂದ 66 ಮಂದಿ ಅಗ್ನಿಶಾಮಕರು, ದಾರಿಹೋಕರು, ಒಟ್ಟು ನೂರಾರು ಜನ ಮಡಿದರು. ಕೂಲಿಗಾರ ಮತ್ತು ನಾವಿಕರ ಸಹಕಾರವನ್ನು ಕಾಣಬೇಕೆಂದಿದ್ದರೆ ಆ ದಿನ ಮುಂಬಯಿಯ ಕಟ್ಟೆಯ ಮೇಲೆ ಅದು ಒಂದೇ ರಾಶಿಯಾಗಿ ಬಿದ್ದಿತ್ತು. ಸೆನ್ಸಾರಿನವರು ಸುದ್ದಿಯನ್ನು ಅದುಮಿ ಹಿಡಿದರು. ಏಪ್ರಿಲ್ 14ನ್ನು ಇಂದಿಗೂ ದೇಶದ ಅಗ್ನಿಶಾಮಕದಳದವರು ಸ್ಮರಣೆಯ ದಿನವಾಗಿ ಆಚರಿಸುತ್ತಾರೆ. ಹಮಾಲರಿಗೆ ಅಂಥ ದಿನವಿಲ್ಲ.

ಈಗ ನೌಕಾಬಲದ ನಾವಿಕನ ಕಡೆ ತಿರುಗೋಣ. ನನ್ನ ವಾದದ ತಿರುಳು ಇರುವುದು ಇಲ್ಲಿ. ಯುದ್ಧಕ್ಕೆ ಮೊದಲು ‘ರಾಯಲ್ ಇಂಡಿಯನ್ ನೇವಿ’ಯಲ್ಲಿ ಎರಡು ಸಾವಿರ ಜನವೂ ಇರಲಿಲ್ಲ. ಯುದ್ಧ ಮುಗಿಯುವಾಗ ಮೂವತ್ತು ಸಾವಿರದ ಸಮೀಪ. ಇಷ್ಟು ಜನರನ್ನು ತಂದದ್ದು ನೇಮಕದ ಅಧಿಕಾರಿಗಳ ಮಾತು ಮತ್ತು ಭಿತ್ತಿಪತ್ರ. ಬಿಳಿಯ ಉಡುಪು, ನೀಲಿಯ ಕಡಲು, ಒಳ್ಳೆಯ ಊಟ, ಕೈಗೊಂದು ಕಸುಬು, ಯುದ್ಧಾನಂತರ ಗೌರವದ ಉದ್ಯೋಗ. ಬಂದವರು ಹಳ್ಳಿಯ ಸಿಪಾಯಿಮಕ್ಕಳಷ್ಟೇ ಅಲ್ಲ. ಮೆಟ್ರಿಕ್ಯುಲೇಷನ್ ಓದಿದ ಪಟ್ಟಣದ ತರುಣರು, ಪತ್ರಿಕೆ ಓದುವವರು, ತಂತಿಯ ಸಂಕೇತ ಕಲಿತವರು. ಒಳಗೆ ಹೋದ ಮೇಲೆ ಅವರು ಕಂಡದ್ದು ಕಲ್ಲುಮಿಶ್ರಿತ ಅನ್ನ, ಕೆಟ್ಟ ಬೇಳೆ, ಬಿಳಿಯರಿಗೊಂದು ಸಂಬಳ ಕರಿಯರಿಗೊಂದು ಸಂಬಳ, ಮೇಲಿನಿಂದ ಅವಾಚ್ಯ ಬೈಗುಳ. ಯುದ್ಧ ಮುಗಿಯಿತು, ಗೌರವದ ಉದ್ಯೋಗದ ಬದಲು ಮನೆಗೆ ಕಳುಹುವ ಚೀಟಿ ಸಿದ್ಧವಾಗುತ್ತಿತ್ತು. ನೇಮಕದ ಕಾಲದಲ್ಲಿ ಕೊಟ್ಟ ಆಶ್ವಾಸನೆಗಳು ಸುಳ್ಳಾದುವೆಂಬ ದೂರು, ಮುಂದೆ ಸರ್ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ಕುಳಿತ ವಿಚಾರಣಾ ಆಯೋಗದ ಮುಂದೆಯೂ ಬಂದಿತು. ಹೊಗೆಯ ಚೆಂಡಿನ ಮೊಕದ್ದಮೆಯನ್ನು ಇಲ್ಲಿ ನೆನಪಿಗೆ ತಂದುಕೊಳ್ಳಿ. ಇವರು ಜಾಹೀರಾತನ್ನು ನಂಬಿದರು, ಹೇಳಿದಂತೆ ನಡೆದರು; ಹಣ ಕೇಳಿದಾಗ ಅದು ಬರಿಯ ಜಾಹೀರಾತೆಂಬ ಉತ್ತರ ಬಂತು.

ಆಗ ಅವರೂ ಗೋಡೆಯ ಮೇಲೆಯೇ ಬರೆದರು. 1946ರ ಫೆಬ್ರುವರಿಯ ಮೊದಲ ದಿನಗಳಲ್ಲಿ ಮುಂಬಯಿಯ ‘ತಲವಾರ್’ ಎಂಬ ಸಂಕೇತಶಾಲೆಯ ಗೋಡೆಗಳ ಮೇಲೆ ‘ಜೈ ಹಿಂದ್’, ‘ಭಾರತ ಬಿಟ್ಟು ತೊಲಗಿರಿ’ ಎಂಬ ಅಕ್ಷರಗಳು ಬೆಳಗಾಗುವುದರೊಳಗೆ ಮೂಡಿದವು. ಬಿ. ಸಿ. ದತ್ತನೆಂಬ ತರುಣ ನಾವಿಕನನ್ನು ಹಿಡಿದರು. ಸರಕಾರದ ವರ್ಣರಂಜಿತ ಪತ್ರಗಳಿಗೆ ಅಚ್ಚುಕೂಟವಿತ್ತು, ಚಿತ್ರಗಾರರಿದ್ದರು, ಖಜಾನೆಯಿತ್ತು. ದತ್ತನ ಬಳಿ ಇದ್ದದ್ದು ಬಣ್ಣ ಮತ್ತು ಕುಂಚ. ಯಾವುದನ್ನು ಜನ ಓದಿದರೆಂಬುದು ಎರಡು ವಾರಗಳಲ್ಲಿ ತಿಳಿಯಿತು. 18ನೆಯ ತಾರೀಖು ತಲವಾರಿನವರು ಊಟ ಬಿಟ್ಟು ಕೆಲಸ ಬಿಟ್ಟರು. ಮರುದಿನಗಳಲ್ಲಿ ಹಡಗಿನಿಂದ ಹಡಗಿಗೆ, ಬಂದರಿನಿಂದ ಬಂದರಿಗೆ ಕಿಚ್ಚು ಹರಡಿತು. ಸಂಕೇತ ಕಲಿಸಿದ ಶಾಲೆಯವರಲ್ಲವೇ! ಕರಾಚಿ, ಮದರಾಸು, ಕಲಕತ್ತೆಗಳಿಗೆ ಸುದ್ದಿ ಮುಟ್ಟಿಸುವುದಕ್ಕೆ ಅವರಿಗೆ ಪತ್ರಿಕೆ ಬೇಕಾಗಲಿಲ್ಲ. 78 ಹಡಗುಗಳು, ಸುಮಾರು 20,000 ನಾವಿಕರು. ಕಾಂಗ್ರೆಸ್ಸಿನ, ಮುಸ್ಲಿಂ ಲೀಗಿನ, ಕಮ್ಯೂನಿಸ್ಟರ ಬಾವುಟಗಳು ಒಟ್ಟೊಟ್ಟಿಗೆ ಹಡಗುಗಳ ಮೇಲೆ ಏರಿದವು. ಮುಷ್ಕರದ ಸಮಿತಿಗೆ ಎಂ. ಎಸ್. ಖಾನ್ ಅಧ್ಯಕ್ಷ, ಮದನಸಿಂಗ್ ಉಪಾಧ್ಯಕ್ಷ. ಒಂದೂವರೆ ವರ್ಷದಲ್ಲಿ ದೇಶವೇ ಇಬ್ಭಾಗವಾಗಲಿರುವಾಗ ಈ ಎರಡು ಹೆಸರುಗಳು ಒಂದೇ ಕಾಗದದ ಕೆಳಗೆ ಇದ್ದುವೆಂಬುದನ್ನು ನಿಮ್ಮ ಶಾಲೆಯ ಮಕ್ಕಳಿಗೆ ದಯವಿಟ್ಟು ಹೇಳಿರಿ.

ಮುಂಬಯಿಯ ಕೂಲಿಗಾರನು ಆಗ ಏನು ಮಾಡಿದನು? ಕಡಲಂಚಿನ ಜನ ಬುಟ್ಟಿಗಳಲ್ಲಿ ಹಣ್ಣು, ರೊಟ್ಟಿ, ಹಾಲು ತಂದು, ಹಸಿದ ನಾವಿಕರಿಗೆ ಕೊಟ್ಟರು. ಅಂಗಡಿಯವರು ಬೆಲೆ ಕೇಳಲಿಲ್ಲ. 22ನೆಯ ತಾರೀಖು ಗಿರಣಿಗಳ ಸಿಳ್ಳು ಕೂಗಿದರೂ ಒಳಗೆ ಹೋಗುವವರಿಲ್ಲ. ಲಕ್ಷಗಟ್ಟಲೆ ಕೂಲಿಗಾರರು ಪರೇಲು, ಲಾಲಬಾಗ, ವರಳಿಯ ಬೀದಿಗಿಳಿದರು. ಇವರಿಗೆ ನಾವಿಕನು ನೆಂಟನಲ್ಲ, ಒಂದೇ ಊರಿನವನಲ್ಲ. ಇವರ ಕೂಲಿ ಇದರಿಂದ ಒಂದು ಬಿಡಿಕಾಸೂ ಹೆಚ್ಚುವಂತಿರಲಿಲ್ಲ. ಗೋರರ ಪಡೆ ಬಂದು ಗುಂಡು ಹಾರಿಸಿತು. ಸರಕಾರದ ಲೆಕ್ಕದಂತೆಯೇ ಎರಡು ದಿನಗಳಲ್ಲಿ ಇನ್ನೂರಕ್ಕಿಂತ ಹೆಚ್ಚು ಜನ ಸತ್ತರು, ಸಾವಿರ ಜನ ಗಾಯಗೊಂಡರು. ಆ ಮುಂಬಯಿಯೇ ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ರಾಜಧಾನಿಯೂ ಆಗಿತ್ತೆಂಬುದನ್ನು ನೆನೆದರೆ ಈ ರಕ್ತವು ನಮಗೆ ಪರಕೀಯವಲ್ಲ. ಕೂಲಿಗಾರನೂ ನಾವಿಕನೂ ತೋಳಿಗೆ ತೋಳು ಹೆಣೆಯಬೇಕೆಂದು ಎರಡು ಮಹಾಯುದ್ಧಗಳಲ್ಲಿ ಸರಕಾರಗಳು ಗೋಡೆಗೋಡೆಯ ಮೇಲೆ ಅಂಟಿಸಿದ್ದ ಆಶಯವನ್ನು ಮುಂಬಯಿಯವರು ಅಕ್ಷರಶಃ ನಡೆಸಿಕೊಟ್ಟರು. ಅದಕ್ಕೆ ಸಿಕ್ಕ ಬಹುಮಾನ ಗುಂಡು. ಭಿತ್ತಿಪತ್ರದವನಿಗೆ ಬೇಕಾದ ಗೆಳೆತನ ಅದಾಗಿರಲಿಲ್ಲ. ಅವನಿಗೆ ಬೇಕಾದದ್ದು ಇಬ್ಬರೂ ಅವನ ಕಡೆಗೆ ಮುಖ ಮಾಡಿ ನಿಲ್ಲುವುದು; ಇಬ್ಬರೂ ಪರಸ್ಪರ ಮುಖ ನೋಡಿಕೊಂಡರೆ ಅದು ದಂಗೆ.

ಆ ಚಿತ್ರಗಳನ್ನು ಮತ್ತೆ ನೋಡಿರಿ. ಕೂಲಿಗಾರನಿದ್ದಾನೆ, ನಾವಿಕನಿದ್ದಾನೆ, ಸಿಪಾಯಿಯಿದ್ದಾನೆ. ಕಾರ್ಖಾನೆಯ ಯಜಮಾನನು ಎಲ್ಲಿ? ಗುತ್ತಿಗೆದಾರನು ಎಲ್ಲಿ? ಹಡಗಿನ ಕಂಪನಿಯ ಪಾಲುದಾರನು ಎಲ್ಲಿ? ಕಾಗದವನ್ನು ಬರೆಯಿಸಿದ ಮಂತ್ರಿಯು ಎಲ್ಲಿ? ಕರಾರಿನ ಪತ್ರದಲ್ಲಿ ಲಾಭ ಪಡೆಯುವವನ ಹೆಸರೇ ಇಲ್ಲ. ಹೊಣೆ ಹೊರುವ ಇಬ್ಬರ ಹೆಸರು ಮಾತ್ರ ದಪ್ಪಕ್ಷರದಲ್ಲಿದೆ. ನನ್ನ ಬಳಿ ಇಂಥ ಪತ್ರವನ್ನು ಯಾವ ರೈತನಾದರೂ ತಂದಿದ್ದರೆ, ಹೆಬ್ಬೆಟ್ಟು ಒತ್ತಬೇಡವೆಂದು ಹೇಳಿ ಮನೆಗೆ ಕಳುಹುತ್ತಿದ್ದೆ.

ಇದು ಹಿಂದೂಸ್ಥಾನದ ದುರ್ದೈವ ಮಾತ್ರವೆಂದು ತಿಳಿಯಬೇಡಿ. ಚಿತ್ರಗಳಲ್ಲಿ ಅತ್ಯಂತ ಹೊಳಪಿನವುಗಳನ್ನು ಬರೆಯಿಸಿದ ಅಮೆರಿಕೆಯಲ್ಲಿಯೇ, ಯುದ್ಧ ಮುಗಿದು ಆರು ತಿಂಗಳಾಗುವ ಮೊದಲು, 1946ರ ಜನವರಿಯಲ್ಲಿ, ಏಳೂವರೆ ಲಕ್ಷದಷ್ಟು ಉಕ್ಕಿನ ಕೆಲಸಗಾರರು ಕೂಲಿಗಾಗಿ ಕೆಲಸ ಬಿಟ್ಟರು. ಅವರಿಗೆ ಯಾರೂ ಗುಂಡಿಕ್ಕಲಿಲ್ಲ, ಕೂಲಿಯೂ ಹೆಚ್ಚಿತು. ಸ್ವತಂತ್ರ ದೇಶದ ಕೂಲಿಗಾರನಿಗೂ ಪರತಂತ್ರ ದೇಶದ ಕೂಲಿಗಾರನಿಗೂ ಇರುವ ಅಂತರ ಅಷ್ಟು.

ಇನ್ನೊಂದು ಕಹಿಯಾದ ಸಂಗತಿಯನ್ನು ಮುಚ್ಚಿಡಲಾರೆ. ನಾವಿಕರು 23ನೆಯ ತಾರೀಖು ಬೆಳಗ್ಗೆ ಶರಣಾದದ್ದು ಸರಕಾರದ ತೋಪುಗಳಿಗೆ ಹೆದರಿ ಮಾತ್ರವಲ್ಲ. ಸರದಾರ ಪಟೇಲರು ಹೇಳಿಕಳುಹಿದುದರಿಂದ. ಯಾರ ಮೇಲೂ ಹಗೆ ತೀರಿಸಿಕೊಳ್ಳದಂತೆ ಕಾಂಗ್ರೆಸ್ಸು ತನ್ನ ಶಕ್ತಿಯಿದ್ದಷ್ಟೂ ನೋಡಿಕೊಳ್ಳುವುದೆಂಬ ಭರವಸೆ ಅದರಲ್ಲಿತ್ತು. ಸೈನ್ಯದ ಶಿಸ್ತು ಮುರಿದರೆ ನಾಳಿನ ಸ್ವರಾಜ್ಯಕ್ಕೂ ಅದೇ ಕೇಡೆಂಬ ಅವರ ಆಲೋಚನೆಗೆ ಅರ್ಥವಿಲ್ಲವೆಂದು ನಾನು ಹೇಳುವುದಿಲ್ಲ. ಮಹಾತ್ಮರೂ ಆ ದಾರಿಯನ್ನು ಒಪ್ಪಲಿಲ್ಲ; ಅರುಣಾ ಆಸಫ್ ಅಲಿಯವರು ಮಾತ್ರ ನಾವಿಕರ ಪಕ್ಷ ಹಿಡಿದು ನಿಂತರು. ಆದರೆ ಶರಣಾದ ಮೇಲೆ ನೂರಾರು ನಾವಿಕರು ಸೆರೆಗೆ ಹೋದರು, ಕೆಲಸದಿಂದ ಹೊರಬಿದ್ದರು. ಸ್ವರಾಜ್ಯ ಬಂದಿತು, ಪಾಕಿಸ್ತಾನವೂ ಬಂದಿತು. ಎರಡು ನೌಕಾಬಲಗಳಲ್ಲಿ ಒಂದಾದರೂ ಅವರನ್ನು ಮತ್ತೆ ಒಳಗೆ ಕರೆಯಲಿಲ್ಲ. ಪರರ ಭಿತ್ತಿಪತ್ರವು ಮಾತು ತಪ್ಪಿತೆಂದು ದೂರುವ ನಾವು, ನಮ್ಮವರ ಮಾತು ಏನಾಯಿತೆಂದು ಕೇಳುವಾಗ ದನಿ ತಗ್ಗಿಸುತ್ತೇವೆ. ಇದರಲ್ಲಿ ನಾನು ಪಟೇಲರ ಪಕ್ಷದ ವಕೀಲನಲ್ಲ.

ಭದ್ರಾವತಿಯ ಗತಿಯನ್ನೂ ಹೇಳಿ ಮುಗಿಸುತ್ತೇನೆ. ಕಾರ್ಖಾನೆಗೆ 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿಟ್ಟರು. 1989ರಲ್ಲಿ ಅದು ಕೇಂದ್ರದ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರೊಳಗೆ ಲೀನವಾಯಿತು. ಕಾಗದದ ಗಿರಣಿ 2015ರ ಸುಮಾರಿಗೆ ನಿಂತಿತು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೇ ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆಯ ಕೆಲಸಗಾರರು ಬಾಗಿಲಲ್ಲಿ ಕುಳಿತರು. ಭದ್ರಾವತಿಯ ಅಂಗಡಿಗಳವರೂ ಮಠಾಧಿಪತಿಗಳೂ ಅವರ ಜತೆ ನಿಂತರು. ಇತ್ತ ಕಡಲ ಕಡೆಗೆ ಕಾರವಾರದಲ್ಲಿ 2005ರಿಂದ ‘ಕದಂಬ’ವೆಂಬ ದೊಡ್ಡ ನೌಕಾನೆಲೆಯಿದೆ, ಬನವಾಸಿಯ ಅರಸರ ಹೆಸರು. ಎರಡೂ ಈಗ ಒಂದೇ ರಾಜ್ಯದಲ್ಲಿವೆ, ನಡುವೆ ಸುಂಕದ ಕಟ್ಟೆಯಿಲ್ಲ, ಪರಪ್ರಾಂತವಿಲ್ಲ. ಹಡಗಿಗೆ ಉಕ್ಕು ಬೇಕಾಗಿದೆ. ಉಕ್ಕಿನವನಿಗೆ ಕೆಲಸ ಬೇಕಾಗಿದೆ. ಇವರಿಬ್ಬರನ್ನು ಒಂದೇ ಚಿತ್ರದಲ್ಲಿ ಬರೆಯಿಸುವ ಆತುರ ಈಗ ಯಾವ ಸರಕಾರದಲ್ಲಿಯೂ ಕಾಣುತ್ತಿಲ್ಲ, ಏಕೆಂದರೆ ಈಗ ಯುದ್ಧವಿಲ್ಲ.

ಮೇಷ್ಟರು ತಮ್ಮ ಮಕ್ಕಳಿಂದ ಭಿತ್ತಿಪತ್ರಗಳನ್ನು ಬರೆಯಿಸಬೇಕೆಂದಿದ್ದಾರೆಂದು ಕೇಳಿದೆ. ಬರೆಯಿಸಲಿ. ಕೂಲಿಗಾರನನ್ನೂ ನಾವಿಕನನ್ನೂ ಬರೆದಾದ ಮೇಲೆ ಕಾಗದದಲ್ಲಿ ಇನ್ನೊಬ್ಬನಿಗೆ ಒಂದಿಷ್ಟು ಜಾಗ ಬಿಡಲಿ, ಅಲ್ಲಿ ಯಾರು ನಿಲ್ಲಬೇಕೆಂದು ಹುಡುಗರನ್ನೇ ಕೇಳಲಿ. ನಿಮ್ಮಲ್ಲಿ ಯಾರಿಗಾದರೂ ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಹೊನ್ನಾಳಿಯ ಕಡೆಯಿಂದ ನನ್ನ ಬಸ್ಸು ಬರುವುದಕ್ಕೆ ಇನ್ನೂ ಸಮಯವಿದೆ.